ಏನೂ ಸಿಗದ ಗುಡ್ಡಗಳ ಪಟ್ಟಿ ಎಲ್ಲಿದೆ?

ಮಸ್ಕಿಯ ಅಶೋಕ ಶಾಸನವನ್ನು 1915ರಲ್ಲಿ ಮೊದಲು ಗುರುತಿಸಿದ ಸಿ. ಬೀಡನ್ ಇತಿಹಾಸಕಾರರಲ್ಲ, ಲಿಪಿ ಬಲ್ಲವರೂ ಅಲ್ಲ. ಅವರು ಚಿನ್ನದ ನಿಕ್ಷೇಪ ಹುಡುಕುತ್ತ ಗುಡ್ಡ ಸುತ್ತುತ್ತಿದ್ದ ಗಣಿ ಎಂಜಿನಿಯರ್. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಶಾಸನವನ್ನು ಓದಿದರು, ಅದು ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಪ್ರಕಟಣೆಯಾಗಿ ಹೊರಬಂತು. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದವು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯನ್ನು ಓದಿದ ಕಾಲದಲ್ಲೇ, ಸಿಂಹಳದ ಪಾಳಿ ಗ್ರಂಥಗಳ ನೆರವಿನಿಂದ, ಈ ಬಿರುದಿನ ದೊರೆ ಅಶೋಕನೇ ಇರಬೇಕೆಂದು ವಿದ್ವಾಂಸರು ತರ್ಕಿಸಿದ್ದರು. ಅಶೋಕನ ಹೆಸರನ್ನೇ ಹೊತ್ತು, ಆ ತರ್ಕಕ್ಕೆ ಕಲ್ಲಿನ ಮೇಲಿನ ಸಾಕ್ಷಿ ಒದಗಿಸಿದ್ದು ಮಸ್ಕಿಯ ಬಂಡೆ. ಇಷ್ಟನ್ನು ನಮ್ಮ ಪಠ್ಯಪುಸ್ತಕಗಳೂ ಹೇಳುತ್ತವೆ, ಸಾಮಾನ್ಯ ಜ್ಞಾನ ಪರೀಕ್ಷೆಗಳೂ ಕೇಳುತ್ತವೆ. ಆದರೆ ಈ ಶಾಸನ ಸಿಕ್ಕಿದ್ದು ಚಿನ್ನ ಹುಡುಕುವವರ ಕಣ್ಣಿಗೆ ಎಂಬ ಸಂಗತಿ ಪ್ರಶ್ನೋತ್ತರದ ಒಂದು ಸಾಲಾಗಿ ಉಳಿದುಬಿಟ್ಟಿದೆ. ನಮ್ಮ ಪ್ರಾಚೀನ ಇತಿಹಾಸದ ಕುರಿತ ಒಂದು ದೊಡ್ಡ ವಾದದ ಬುಡ ಅಲ್ಲೇ ಸಡಿಲವಾಗಿದೆ ಎಂಬುದು ಈ ಲೇಖನದ ನಿಲುವು.

ವಾದ ಹೀಗಿದೆ: ಮೌರ್ಯರು ತುಂಗಭದ್ರೆ-ಕೃಷ್ಣೆಯ ನಡುವಿನ ಈ ದೋಆಬಿಗೆ ಬಂದದ್ದು ಚಿನ್ನಕ್ಕಾಗಿ. ಅದಕ್ಕೆ ಪುರಾವೆಯೆಂದರೆ ಅಶೋಕನ ಶಾಸನಗಳು ಚಿನ್ನದ ನೆಲದ ಹತ್ತಿರವೇ ಸಿಕ್ಕಿರುವುದು. ಮೊದಲ ನೋಟಕ್ಕೆ ಇದು ಅಚ್ಚುಕಟ್ಟಾಗಿದೆ. ಮಸ್ಕಿಯಿಂದ ಉತ್ತರಕ್ಕೆ ಮೂವತ್ತು ಕಿಲೋಮೀಟರಿನೊಳಗೆ ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಇದೆ. ಭೂವಿಜ್ಞಾನಿಗಳು ಈ ಇಡೀ ಶಿಲಾಪಟ್ಟಿಯನ್ನೇ ಹಟ್ಟಿ-ಮಸ್ಕಿ ಪಟ್ಟಿ ಎಂದು ಕರೆಯುತ್ತಾರೆ. ಹಟ್ಟಿಯಲ್ಲಿ ಹಳಬರು ಸುಮಾರು 640 ಅಡಿ ಆಳದವರೆಗೆ ಅಗೆದಿದ್ದರು. ಆ ಹಳೆಯ ಸುರಂಗದೊಳಗೆ ಸಿಕ್ಕ ಮರದ ತುಂಡಿನ ಕಾಲವನ್ನು ಕಾರ್ಬನ್ ವಿಧಾನದಿಂದ ಅಳೆದಾಗ ಹತ್ತಿರಹತ್ತಿರ ಎರಡು ಸಾವಿರ ವರ್ಷ ಎಂದು ಬಂತು. ಆಂಧ್ರದ ಕರ್ನೂಲು ಸೀಮೆಯ ಎರ್ರಗುಡಿಯ ಅಶೋಕ ಶಾಸನಗಳು ಕೂಡ 1929ರ ಸುಮಾರಿಗೆ ಬೆಳಕಿಗೆ ಬಂದದ್ದು ಭೂವಿಜ್ಞಾನಿಯೊಬ್ಬರಿಂದ, ಅದರ ಹತ್ತಿರದ ಜೊನ್ನಗಿರಿಯಲ್ಲೂ ಚಿನ್ನವಿದೆ. ಎಲ್ಲವೂ ಒಂದೇ ದಿಕ್ಕಿಗೆ ಬೆರಳು ತೋರಿಸುತ್ತವೆ. ಆದರೆ ಆ ಬೆರಳುಗಳ ಹಿಂದಿರುವ ಕೈ ಯಾರದು? ಚಿನ್ನದ ನೆಲದಲ್ಲಿ ಅಲೆಯುವವರು ಶಾಸನ ಕಂಡರೆ, ಆ ಶಾಸನ ಚಿನ್ನದ ನೆಲದಲ್ಲೇ ಇರುತ್ತದೆ. ಅವರು ಹೋಗದ ನೆಲದ ಶಾಸನ ನಮ್ಮ ನಕ್ಷೆಗೆ ಬರುವುದೇ ಇಲ್ಲ. ಹುಡುಕಿದವರ ದಾರಿಯನ್ನು ಕೆತ್ತಿಸಿದವನ ದಾರಿಯೆಂದು ಓದಿಕೊಂಡರೆ, ಬೀಡನ್ ಅವರ ಕಸುಬನ್ನು ಅಶೋಕನ ತಲೆಗೆ ಕಟ್ಟಿದಂತಾಗುತ್ತದೆ.

ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಆಯ್ಕೆಯ ಪಕ್ಷಪಾತ ಎನ್ನುತ್ತಾರೆ. ಪಕ್ಷಪಾತ ಎಂದಾಕ್ಷಣ ಯಾರೋ ಬೇಕೆಂದೇ ಮೋಸ ಮಾಡಿದರು ಎಂದು ತಿಳಿಯಬೇಕಿಲ್ಲ. ಸಿಂಧನೂರಿನ ಗಂಜಿನ, ಅಂದರೆ ಕೃಷಿ ಮಾರುಕಟ್ಟೆಯ, ಗೇಟಿನಲ್ಲಿ ನಿಂತು, ಒಳಬರುವ ಲಾರಿ, ಟ್ರ್ಯಾಕ್ಟರುಗಳನ್ನು ಪ್ರಾಮಾಣಿಕವಾಗಿ ಎಣಿಸಿ, ಈ ಸೀಮೆಯವರು ಭತ್ತ ಬಿಟ್ಟು ಬೇರೇನನ್ನೂ ಬೆಳೆಯುವುದಿಲ್ಲ ಎಂದು ಬರೆದುಕೊಂಡರೆ ಎಣಿಕೆಯಲ್ಲಿ ತಪ್ಪಿರುವುದಿಲ್ಲ. ಮನೆಯ ಊಟಕ್ಕೆಂದು ಚೀಲ ತುಂಬಿಟ್ಟ ಜೋಳ ಆ ಗೇಟಿಗೆ ಬರುವುದೇ ಇಲ್ಲ, ಅಷ್ಟೆ.

ಹಾಗಾದರೆ ಚಿನ್ನದ ವಾದವನ್ನು ಪರೀಕ್ಷಿಸುವ ದಾರಿ ಯಾವುದು? ಚಿನ್ನದ ಹಂಗಿಲ್ಲದೆ ಸಿಕ್ಕ ಶಾಸನಗಳನ್ನು ಬೇರೆ ತೆಗೆದು ನೋಡುವುದು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಶಾಸನಗಳನ್ನು ಬಿ.ಎಲ್. ರೈಸ್ 1892ರಲ್ಲಿ ಕಂಡದ್ದು ಶಾಸನಗಳಿಗೆಂದೇ ಹುಡುಕುತ್ತಿದ್ದಾಗ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು ಶಾಸನಗಳು 1931ರಲ್ಲಿ ಗೊತ್ತಾದವು. ಬಳ್ಳಾರಿ ಸೀಮೆಯ ನಿಟ್ಟೂರು, ಉದೆಗೊಳಗಳು ಬೆಳಕಿಗೆ ಬರಲು 1970ರ ದಶಕದ ಕೊನೆಯವರೆಗೆ ಕಾಯಬೇಕಾಯಿತು. ಈ ಎರಡರಲ್ಲೂ ಅಶೋಕನ ಹೆಸರಿದೆ, ಮಸ್ಕಿ ಒಂಟಿಯಲ್ಲ. ಸನ್ನತಿಯ ಕತೆಯಂತೂ ಕಾದಂಬರಿಗೆ ತಕ್ಕದ್ದು. 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿಗುಡಿಯ ಚಾವಣಿ ಕುಸಿದು ಮೂರ್ತಿ ಒಡೆಯಿತು. ಆಮೇಲೆ ನೋಡಿದರೆ, ಮೂರ್ತಿಯನ್ನು ನಿಲ್ಲಿಸಿದ್ದ ಪೀಠದ ಕಲ್ಲೇ ಅಶೋಕನ ಶಾಸನ. ಚಾವಣಿ ಗಟ್ಟಿಯಾಗಿದ್ದರೆ ಭೀಮಾ ತೀರದಲ್ಲಿ ಅಶೋಕನ ಶಾಸನಗಳೇ ಇಲ್ಲ ಎಂದು ಇವತ್ತಿಗೂ ಬರೆಯುತ್ತಿದ್ದೆವು. ಸನ್ನತಿಯ ಸುತ್ತಲಿನದು ಸುಣ್ಣಕಲ್ಲಿನ ಸೀಮೆ, ಹಟ್ಟಿಯಂಥ ಗಣಿ ಅಲ್ಲಿಲ್ಲ. ನಿಟ್ಟೂರು, ಉದೆಗೊಳಗಳಲ್ಲೂ ಇಲ್ಲ. ಇನ್ನು ಲೆಕ್ಕವನ್ನು ತಿರುಗಿಸಿ ನೋಡೋಣ. ಚಿನ್ನದ ಎಂಜಿನಿಯರುಗಳು ಅತಿ ಹೆಚ್ಚು ಕಾಲ, ಅತಿ ಹೆಚ್ಚು ಸಂಖ್ಯೆಯಲ್ಲಿ ಓಡಾಡಿದ ನೆಲ ಕೋಲಾರ. 1880ರಿಂದ 2001ರಲ್ಲಿ ಗಣಿ ಮುಚ್ಚುವವರೆಗೆ ಅಲ್ಲಿ ಅವರು ನೋಡದ ಕಲ್ಲು ಕಡಿಮೆ. ಅಲ್ಲೊಂದೂ ಅಶೋಕ ಶಾಸನ ಸಿಕ್ಕಿಲ್ಲ. ಹಳೆಯ ಚಿನ್ನದ ಗುಂಡಿಗಳಿರುವ ಗದುಗಿನ ಕಪ್ಪತಗುಡ್ಡದಲ್ಲೂ ಸಿಕ್ಕಿಲ್ಲ. ಅಂದಮೇಲೆ ಚಿನ್ನವಿದ್ದಲ್ಲಿ ಶಾಸನವಿಲ್ಲದ್ದೂ ಉಂಟು, ಶಾಸನವಿದ್ದಲ್ಲಿ ಚಿನ್ನವಿಲ್ಲದ್ದೂ ಉಂಟು. ಇದರಿಂದ ಚಿನ್ನದ ವಾದ ಸುಳ್ಳಾಯಿತೆಂದಲ್ಲ. ಶಾಸನಗಳ ನಕ್ಷೆಯನ್ನು ಅದಕ್ಕೆ ಪುರಾವೆಯಾಗಿ ಮುಂದಿಡುವ ಹಕ್ಕು ಮಾತ್ರ ಕಳೆದುಹೋಯಿತು.

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ, ಅದನ್ನು ದಾಟಿ ಹೋಗುವಂತಿಲ್ಲ. ಬ್ರಹ್ಮಗಿರಿಯ ಶಾಸನ ತಾನು ಸುವರ್ಣಗಿರಿಯಿಂದ ಹೊರಟ ಆಜ್ಞೆ ಎಂದು ಹೇಳಿಕೊಳ್ಳುತ್ತದೆ. ಅಲ್ಲಿನ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಕಳಿಸಿದ್ದು. ಮೌರ್ಯರ ದಕ್ಷಿಣ ಪ್ರಾಂತ್ಯದ ರಾಜಧಾನಿಯ ಹೆಸರಿನಲ್ಲೇ ಚಿನ್ನವಿದೆ. ಈ ಶಾಸನವನ್ನು ಕಂಡ ರೈಸ್ ಚಿನ್ನದ ಹಿಂದೆ ಬಿದ್ದವರಲ್ಲ, ಆದ್ದರಿಂದ ಈ ಸಾಕ್ಷಿಗೆ ಹುಡುಕಿದವರ ಕಸುಬಿನ ಕಲೆ ಅಂಟಿಲ್ಲ. ನಿಜ, ಇದೇ ಚಿನ್ನದ ವಾದದ ನಿಜವಾದ ಬಲ. ಇಂಥ ಒಂದು ಸ್ವತಂತ್ರ ಸಾಕ್ಷಿ ನಕ್ಷೆಯ ಮೇಲಿನ ಹತ್ತು ಚುಕ್ಕೆಗಳಿಗಿಂತ ತೂಕದ್ದು. ಆದರೆ ಸುವರ್ಣಗಿರಿ ಎಲ್ಲಿತ್ತು ಎಂದು ಕೇಳಿದ ಕೂಡಲೇ ಹಳೆಯ ಸುಳಿ ಮತ್ತೆ ಎಳೆಯುತ್ತದೆ. ಮಸ್ಕಿ ಎಂದವರಿದ್ದಾರೆ, ಕನಕಗಿರಿ ಎಂದವರಿದ್ದಾರೆ, ಜೊನ್ನಗಿರಿ ಎಂದವರಿದ್ದಾರೆ. ಮಸ್ಕಿಯ ಪರ ವಾದಿಸುವವರು ಅಲ್ಲಿ ಶಾಸನ ಸಿಕ್ಕಿದ್ದನ್ನೇ ಮುಂದಿಡುತ್ತಾರೆ. ಆ ಶಾಸನ ಸಿಕ್ಕಿದ್ದು ಹೇಗೆ ಎಂಬುದು ನಮಗೀಗ ಗೊತ್ತಿದೆ. ಹಟ್ಟಿಯ ಮರದ ತುಂಡಿನ ಕಾಲವನ್ನೂ ಇದೇ ಎಚ್ಚರದಲ್ಲಿ ಓದಬೇಕು. ಮೇಲ್ಭಾಗದ ಹಳೆಯ ಕೆಲಸವನ್ನು ನಂತರ ಬಂದವರು ಅಗೆದು ಅಳಿಸುತ್ತ ಹೋಗುತ್ತಾರೆ, ಉಳಿಯುವುದು ಅತಿ ಆಳದ್ದು. ಉಳಿದ ಮರ ಆ ಆಳಕ್ಕೆ ಯಾವಾಗ ಇಳಿದರೆಂದು ಹೇಳೀತೇ ಹೊರತು, ಮೊದಲ ಗುದ್ದಲಿ ಯಾವಾಗ ಬಿತ್ತೆಂದು ಹೇಳದು.

ನಮ್ಮ ಪುರಾತತ್ವದವರಿಗಿಂತ ಖಗೋಳ ವಿಜ್ಞಾನಿಗಳು ಈ ಆಯ್ಕೆಯ ಪಕ್ಷಪಾತದ ವಿಷಯದಲ್ಲಿ ಹೆಚ್ಚು ಹುಷಾರು. ದೂರದ ಗೆಲಾಕ್ಸಿಯ ಬೆಳಕು ನಮ್ಮತ್ತ ಬರುವಾಗ ನಡುವೆ ಇನ್ನೊಂದು ಭಾರಿ ಗೆಲಾಕ್ಸಿ ಅಡ್ಡ ಬಂದರೆ, ಅದರ ಗುರುತ್ವ ಬೆಳಕನ್ನು ಬಗ್ಗಿಸಿ ಕಮಾನಿನಂತೆಯೋ ಉಂಗುರದಂತೆಯೋ ತೋರಿಸುತ್ತದೆ. ಇದಕ್ಕೆ ಗುರುತ್ವ ಮಸೂರ ಎನ್ನುತ್ತಾರೆ. ಮೊದಲನೆಯದು ಕಂಡದ್ದು 1979ರಲ್ಲಿ. ಇಂಥ ಮಸೂರ ಗೆಲಾಕ್ಸಿಗಳಿಂದ ಕಾಣದ ದ್ರವ್ಯವನ್ನು ಅಳೆಯಬಹುದು, ವಿಶ್ವ ಹಿಗ್ಗುವ ವೇಗವನ್ನೂ ಲೆಕ್ಕ ಹಾಕಬಹುದು. ತೊಡಕೆಂದರೆ, ಎಲ್ಲ ಗೆಲಾಕ್ಸಿಗಳೂ ಮಸೂರವಾಗಿ ಕಾಣಿಸಿಕೊಳ್ಳುವುದಿಲ್ಲ. ಗೆಲಾಕ್ಸಿಯೊಳಗಿನ ನಕ್ಷತ್ರಗಳ ವೇಗದ ಹರವು ಇಮ್ಮಡಿಯಾದರೆ, ಅದು ಮಸೂರವಾಗಿ ಕೆಲಸ ಮಾಡುವ ಆಕಾಶದ ಪ್ರದೇಶ ಹದಿನಾರು ಪಟ್ಟಾಗುತ್ತದೆ. ಹಾಗಾಗಿ ಮಸೂರಗಳ ಪಟ್ಟಿಯಲ್ಲಿ ದೈತ್ಯರದ್ದೇ ದರ್ಬಾರು, ಸಾಧಾರಣ ಗೆಲಾಕ್ಸಿಗಳು ಹೊರಗೆ. ಹುಡುಕುವ ಉಪಕರಣವೂ ತನ್ನ ಪಾಲಿನ ಜರಡಿ ಹಿಡಿಯುತ್ತದೆ. ಸ್ಲೋನ್ ಆಕಾಶ ಸಮೀಕ್ಷೆಯ ದತ್ತಾಂಶದಿಂದ ಆರಿಸಿದ ಪ್ರಸಿದ್ಧ ಮಸೂರ ಸಂಗ್ರಹ ಸ್ಲ್ಯಾಕ್ಸ್‌ನಲ್ಲಿ, ಬೆಳಕು ಹಿಡಿದ ಗಾಜಿನ ನಾರಿನ ಬಾಯಿ ಆಕಾಶದಲ್ಲಿ ಬರೀ 3 ಆರ್ಕ್‌ಸೆಕೆಂಡ್ ಅಗಲದ್ದು. ಆ ಬಾಯಿಗೆ ಬೆಳಕು ಬೀಳದ ದೊಡ್ಡ ಉಂಗುರ ಆ ಸಂಗ್ರಹಕ್ಕೆ ದಕ್ಕಲಿಲ್ಲ.

ಇದು ಪಂಡಿತರ ಸೂಕ್ಷ್ಮವಷ್ಟೇ ಎಂದುಕೊಳ್ಳುವವರು 2020ರ ಫಲಿತಾಂಶ ನೋಡಬೇಕು. ಏಳು ಮಸೂರಗಳ ಬೆಳಕಿನ ವಿಳಂಬದಿಂದ ವಿಶ್ವ ಹಿಗ್ಗುವ ವೇಗವನ್ನು ಅಳೆಯುತ್ತಿದ್ದ ತಂಡಕ್ಕೆ, ಮಸೂರಗಳ ಒಳರಚನೆಯ ಬಗೆಗಿನ ಪೂರ್ವಭಾವನೆಗಳನ್ನು ಸಡಿಲಿಸಿದಾಗ, ಖಗೋಳದ ವಾಡಿಕೆಯ ಅಳತೆಯಲ್ಲಿ ಸುಮಾರು 74 ಎಂಬ ಬೆಲೆ ಬಂತು. ಅದಕ್ಕೆ ಸ್ಲ್ಯಾಕ್ಸ್‌ನ ಮಸೂರಗಳ ಮಾಹಿತಿಯನ್ನು ಸೇರಿಸಿದಾಗ ಅದು ಸುಮಾರು 67ಕ್ಕೆ ಇಳಿಯಿತು. ಎರಡೂ ಗುಂಪುಗಳು ಒಂದೇ ಬಗೆಯ ಗೆಲಾಕ್ಸಿಗಳು ಎಂದು ಒಪ್ಪಿದರೆ ಮಾತ್ರ ಎರಡನೆಯ ಸಂಖ್ಯೆಗೆ ಬೆಲೆ. ಆದರೆ ಎರಡನ್ನೂ ಆರಿಸಿದ ಬಗೆ ಬೇರೆಬೇರೆ. ತಂಡ ಇದನ್ನು ಮುಚ್ಚಿಡಲಿಲ್ಲ, ಫಲಿತಾಂಶದ ಜೊತೆಗೇ ಎಚ್ಚರಿಕೆಯನ್ನೂ ಬರೆಯಿತು. ನಾನು ಮೆಚ್ಚುವುದು ಇದನ್ನು. ಮಸೂರ ಹುಡುಕುವವರಲ್ಲಿ ಇನ್ನೊಂದು ಒಳ್ಳೆಯ ರೂಢಿಯಿದೆ: ನಿಜವಾದ ಚಿತ್ರಗಳೊಳಗೆ ಕೃತಕ ಮಸೂರಗಳನ್ನು ಗುಟ್ಟಾಗಿ ಸೇರಿಸಿ, ಹುಡುಕುವವರ ಕಣ್ಣಿಗೆ ಅವುಗಳಲ್ಲಿ ಎಷ್ಟು ಬಿದ್ದವು, ಎಂಥವು ತಪ್ಪಿಹೋದವು ಎಂದು ಎಣಿಸುವುದು. ಪುಣೆಯ ಖಗೋಳ ಸಂಸ್ಥೆ ಐಯುಕಾದ ಅನುಪ್ರೀತಾ ಮೋರೆ ಮುಂದಾಳುಗಳಲ್ಲೊಬ್ಬರಾಗಿದ್ದ ಸ್ಪೇಸ್ ವಾರ್ಪ್ಸ್ ಯೋಜನೆಯಲ್ಲಿ ಸಾಮಾನ್ಯ ಜನ ಮಸೂರ ಹುಡುಕಿದರು, ಅವರ ಕಣ್ಣನ್ನೂ ಹೀಗೆಯೇ ಅಳೆಯಲಾಯಿತು. ಕಂಡದ್ದರ ಜೊತೆಗೆ ಕಾಣುವ ಸಾಮರ್ಥ್ಯದ ಲೆಕ್ಕವೂ ಇದ್ದರೆ, ಕಾಣದ್ದರ ಬಗ್ಗೆ ಅಂದಾಜು ಹೇಳಲು ಬರುತ್ತದೆ.

ಈಗ ರಾಯಚೂರು ಸೀಮೆಯ ಲಿಂಗಸುಗೂರು, ಮಸ್ಕಿ, ಸಿಂಧನೂರು ಎಂಬ ಮೂರು ತಾಲ್ಲೂಕುಗಳ ನೆಲಕ್ಕೆ ಮರಳೋಣ. ಭಾರತದ ಪ್ರಾಗಿತಿಹಾಸದ ಜನಕನೆನಿಸಿದ ರಾಬರ್ಟ್ ಬ್ರೂಸ್ ಫೂಟ್ ಮಸ್ಕಿಯನ್ನು 1870ರಲ್ಲೂ 1888ರಲ್ಲೂ ನೋಡಿ ಹಳೆಯ ವಸ್ತುಗಳನ್ನು ಸಂಗ್ರಹಿಸಿದ್ದರು. ಆ ಕಾಲದಲ್ಲಿ ಅವರಿಗಿಂತ ಪಳಗಿದ ಕಣ್ಣು ದೇಶದಲ್ಲಿ ಇನ್ನೊಂದಿರಲಿಲ್ಲ. ಆದರೂ ಬಂಡೆಯ ಮೇಲಿನ ಬ್ರಾಹ್ಮಿ ಅಕ್ಷರ 1915ರವರೆಗೆ ಕಾಯಿತು. ಒಂದೇ ಗುಡ್ಡ ಹುಡುಕುವವರಿಗೆ ತಕ್ಕಂತೆ ಬೇರೆಬೇರೆಯಾಗಿ ಕಾಣುತ್ತದೆ ಎಂಬುದಕ್ಕೆ ಇದಕ್ಕಿಂತ ನೇರ ನಿದರ್ಶನ ಬೇಕಿಲ್ಲ. ಆಮೇಲೆ ಗಡಿಗಳ ಮಾತು. ಮೈಸೂರು ಸಂಸ್ಥಾನದಲ್ಲಿ ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳು 1886ರಿಂದಲೇ ಹೊರಬರುತ್ತಿದ್ದವು, ಇಪ್ಪತ್ತು ವರ್ಷಗಳೊಳಗೆ ಒಂಬತ್ತು ಸಾವಿರದಷ್ಟು ಶಾಸನಗಳು ಅಚ್ಚಾದವು. ನಿಜಾಮರ ಹೈದರಾಬಾದಿನಲ್ಲಿ ಪುರಾತತ್ವ ಇಲಾಖೆ ಹುಟ್ಟಿದ್ದೇ 1914ರಲ್ಲಿ. ಜಿಲ್ಲೆವಾರು ಶಾಸನಗಳ ಸಂಖ್ಯೆ ಹಿಡಿದು, ಹಾಸನ, ಮಂಡ್ಯಗಳಲ್ಲಿ ಬರವಣಿಗೆಯ ಸಂಸ್ಕೃತಿ ದಟ್ಟವಾಗಿತ್ತು, ರಾಯಚೂರಿನಲ್ಲಿ ತೆಳುವಾಗಿತ್ತು ಎಂದು ಹೇಳಹೊರಟರೆ, ಎರಡು ಸಂಸ್ಥಾನಗಳ ಆಡಳಿತದ ಅಂತರವನ್ನು ಎರಡು ಸೀಮೆಗಳ ಜನರ ಅಂತರವಾಗಿ ತೋರಿಸಿದಂತೆ. ಹಂಪಿ ಕನ್ನಡ ವಿಶ್ವವಿದ್ಯಾಲಯದ ಶಾಸನ ಸಂಪುಟಗಳು ಈ ಕೊರತೆಯನ್ನು ಒಂದಿಷ್ಟು ತುಂಬಿವೆ, ಪೂರ್ತಿ ಅಲ್ಲ.

ಸಿಂಧನೂರಿನ ಸಮಸ್ಯೆ ಇನ್ನೊಂದು ತೆರನದ್ದು. ಲಿಂಗಸುಗೂರು, ಮಸ್ಕಿಗಳಲ್ಲಿ ಗುಡ್ಡವಿದೆ, ಗುಂಡುಕಲ್ಲಿದೆ, ಗವಿಯಿದೆ. ಮುದಗಲ್ಲಿನ ಬಳಿಯ ಪಿಕ್ಲಿಹಾಳದಲ್ಲಿ ರೇಮಂಡ್ ಆಲ್ಚಿನ್ 1950ರ ದಶಕದ ಆರಂಭದಲ್ಲಿ ಅಗೆದರು, ಮಸ್ಕಿಯಲ್ಲಿ ಬಿ.ಕೆ. ಥಾಪರ್ 1954ರಲ್ಲಿ ಅಗೆದರು. ಸಿಂಧನೂರಿನದು ಬಹುಪಾಲು ಬಯಲು, ಎರೆಭೂಮಿ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಯ ನೀರು ಹೊಲಗಳಿಗೆ ಬಂದಂತೆ, ಭತ್ತಕ್ಕಾಗಿ ನೆಲ ಮಟ್ಟವಾಯಿತು, ಬದು ಬಿತ್ತು, ಕ್ಯಾಂಪುಗಳೆದ್ದವು. ದಿಬ್ಬಗಳಿದ್ದಲ್ಲಿ ಅವೂ ಮಟ್ಟವಾಗಿರಬೇಕು. ಈ ಭಾಗದ ಬೂದಿದಿಬ್ಬಗಳ ಮಣ್ಣನ್ನೂ ಹಾಳೂರ ಮಣ್ಣನ್ನೂ ರೈತರು ಗೊಬ್ಬರವೆಂದು ಗಾಡಿಗಟ್ಟಲೆ ಹೊಲಕ್ಕೆ ಸಾಗಿಸಿದ್ದು ಮೊದಲಿನಿಂದಲೂ ಇದ್ದ ರೂಢಿ. ಅವರನ್ನು ದೂರುವಂತಿಲ್ಲ, ಹೊಟ್ಟೆಪಾಡು ಮೊದಲು. ಆದರೆ ಪುರಾತತ್ವದ ನಕ್ಷೆಯಲ್ಲಿ ಸಿಂಧನೂರು ಲಿಂಗಸುಗೂರಿಗಿಂತ ಬಡವಾಗಿ ಕಂಡರೆ, ಜನ ಅಲ್ಲಿ ಇರಲೇ ಇಲ್ಲವೋ, ಇದ್ದದ್ದು ಗದ್ದೆಯಡಿ ಹೋಯಿತೋ, ಹುಡುಕುವವರು ಬಯಲಿಗೆ ಇಳಿಯಲೇ ಇಲ್ಲವೋ? ಈ ಮೂರನ್ನೂ ಬೇರ್ಪಡಿಸಲು ಬೇಕಾದ ದಾಖಲೆ ಇದ್ದರೆ ಮಾತ್ರ ಆ ಬಡತನಕ್ಕೊಂದು ಅರ್ಥ.

ನೂರು ವರ್ಷ ಹುಡುಕಿಯಾಗಿದೆ, ಇನ್ನೂ ಇದ್ದರೆ ಇಷ್ಟರಲ್ಲಿ ಸಿಗುತ್ತಿತ್ತು ಎನ್ನುವವರಿದ್ದಾರೆ. ಪ್ರಿನ್ಸೆಪ್ ಲಿಪಿ ಓದಿ ಸುಮಾರು ನೂರೈವತ್ತು ವರ್ಷವಾದ ಮೇಲೆ ಸನ್ನತಿ ಸಿಕ್ಕಿತು. ರಾಜಧಾನಿ ದೆಹಲಿಯಲ್ಲೇ, ಬಹಾಪುರದ ಬಂಡೆಯ ಮೇಲಿನ ಅಶೋಕ ಶಾಸನ ಯಾರ ಕಣ್ಣಿಗೂ ಬೀಳದೆ 1966ರವರೆಗೆ ಇತ್ತು, ಬಡಾವಣೆಗೆ ಜಾಗ ಸ್ವಚ್ಛ ಮಾಡಿಸುತ್ತಿದ್ದ ಗುತ್ತಿಗೆದಾರರೊಬ್ಬರಿಂದ ಬೆಳಕಿಗೆ ಬಂತು. ಬಿಹಾರದ ರತನ್‌ಪುರ್ವಾ ಶಾಸನ ಗೊತ್ತಾದದ್ದು 2009ರಲ್ಲಿ. ಎಂಜಿನಿಯರ್, ಗುತ್ತಿಗೆದಾರ, ಕುಸಿದ ಚಾವಣಿ: ಇದು ಹುಡುಕಾಟ ಮುಗಿದಿರುವ ಲಕ್ಷಣವಲ್ಲ, ಕ್ರಮವಾದ ಹುಡುಕಾಟ ಇನ್ನೂ ಶುರುವಾಗದಿರುವ ಲಕ್ಷಣ. ಕ್ರಮವಾಗಿ ಹುಡುಕಿದರೆ ಏನಾಗುತ್ತದೆ ಎಂಬುದಕ್ಕೆ ಕೃಷ್ಣೆಯ ಆಚೆ ದಡದಲ್ಲೇ ಉತ್ತರವಿದೆ. ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಸುರಪುರ ಸೀಮೆಯಲ್ಲಿ 1960ರ ದಶಕದಿಂದ ಊರಿಂದ ಊರಿಗೆ ನಡೆದು ನೋಡಿದರು. ಹುಣಸಗಿ, ಬೈಚಬಾಳ ಕಣಿವೆಗಳಲ್ಲಿ ಹಳೆ ಶಿಲಾಯುಗದ ನೂರಕ್ಕೂ ಹೆಚ್ಚು ನೆಲೆಗಳು ದಾಖಲಾದವು. ಆದಿಮಾನವರಿಗೆ ಸುರಪುರದ ಮೇಲೆ ವಿಶೇಷ ಮಮತೆಯೇನೂ ಇರಲಿಲ್ಲ. ಅಲ್ಲಿ ನಡೆದು ನೋಡುವವರಿದ್ದರು, ಈಚೆ ದಡದಲ್ಲಿ ಅಷ್ಟು ಕಾಲ ಯಾರೂ ಹಾಗೆ ನಡೆಯಲಿಲ್ಲ ಎಂಬುದೇ ಹೆಚ್ಚು ಸರಳವಾದ ವಿವರಣೆ.

ಎಲ್ಲವನ್ನೂ ಹೀಗೆ ಅನುಮಾನಿಸಿದರೆ ಇತಿಹಾಸವನ್ನೇ ಬರೆಯುವಂತಿಲ್ಲ ಎಂಬುದು ಇನ್ನೊಂದು ಆಕ್ಷೇಪ. ಮಸೂರ ಹುಡುಕುವವರ ಉದಾಹರಣೆಯೇ ಇದಕ್ಕೆ ಉತ್ತರ, ಅವರು ಅಳೆಯುವುದನ್ನು ನಿಲ್ಲಿಸಲಿಲ್ಲ. ನಮ್ಮಲ್ಲಿ ಬಂಡೆಗಳ ಮೇಲೆ ಕೃತಕ ಶಾಸನ ಕೆತ್ತಿ ಪರೀಕ್ಷೆ ಒಡ್ಡಲಾಗದು, ಒಡ್ಡಲೂಬಾರದು. ಆದರೆ ಅದಕ್ಕೆ ಸಾಟಿಯಾದ ಅಗ್ಗದ ಉಪಾಯವಿದೆ. ಒಂದೇ ಹೋಬಳಿಯನ್ನು ಎರಡು ತಂಡಗಳು, ಒಬ್ಬರ ಪಟ್ಟಿ ಇನ್ನೊಬ್ಬರಿಗೆ ತೋರಿಸದೆ, ಸುತ್ತಿ ನೋಡಲಿ. ಉದಾಹರಣೆಗೆ ಒಂದು ತಂಡಕ್ಕೆ 20 ನೆಲೆಗಳು, ಇನ್ನೊಂದಕ್ಕೆ 15 ಸಿಕ್ಕು, ಅವುಗಳಲ್ಲಿ 10 ಇಬ್ಬರಿಗೂ ಸಿಕ್ಕವಾದರೆ, ಒಟ್ಟು ಸುಮಾರು 30 ಇರಬೇಕೆಂದು ಲೆಕ್ಕ. ಇಬ್ಬರೂ ಸೇರಿ ಕಂಡದ್ದು 25, ಅಂದರೆ ಐದರಷ್ಟು ತಪ್ಪಿವೆ. ಮಣ್ಣಿನಡಿ ಹೂತದ್ದು ಇಬ್ಬರಿಗೂ ಒಟ್ಟಿಗೇ ತಪ್ಪುವುದರಿಂದ ಈ ಅಂದಾಜು ಕಡಿಮೆಯ ಕಡೆಗೆ ವಾಲುತ್ತದೆ. ವಾಲುವ ದಿಕ್ಕು ಗೊತ್ತಿರುವುದೂ ಒಂದು ತಿಳಿವಳಿಕೆಯೇ. ಹಣವೆಲ್ಲಿದೆ ಎಂದು ಕೇಳುವವರಿಗೆ ಹೇಳಬೇಕಾದದ್ದು, ಇದಕ್ಕೆ ಉತ್ಖನನದ ಖರ್ಚಿಲ್ಲ. ಇತಿಹಾಸ ಓದುವ ಪದವಿ ವಿದ್ಯಾರ್ಥಿಗಳು, ಅವರಿಗೆ ದಾರಿ ತೋರುವ ಅಧ್ಯಾಪಕರು, ಕೈಯಲ್ಲಿ ಮೊಬೈಲ್ ಮತ್ತು ಗ್ರಾಮ ನಕ್ಷೆ ಇದ್ದರೆ ಕೆಲಸ ಆರಂಭವಾಗುತ್ತದೆ.

ರಾಜ್ಯದ ಪುರಾತತ್ವ ಇಲಾಖೆ ಕೆಲವು ತಾಲ್ಲೂಕುಗಳಲ್ಲಿ ಗ್ರಾಮವಾರು ಸಮೀಕ್ಷೆ ಮಾಡಿಸಿದೆ. ಆ ಕೆಲಸಕ್ಕೆ ಈ ಮೂರು ತಾಲ್ಲೂಕುಗಳಲ್ಲಿ ಒಂದು ಷರತ್ತು ಸೇರಲಿ: ಪ್ರತಿ ಊರಿನ ಹಾಳೆಯಲ್ಲಿ ಯಾರು ನೋಡಿದರು, ಯಾವ ತಿಂಗಳಲ್ಲಿ, ಯಾವ ಸರ್ವೆ ನಂಬರುಗಳನ್ನು ನಡೆದು ನೋಡಿದರು, ಎಷ್ಟು ಹೊತ್ತು ನೋಡಿದರು, ಏನು ಸಿಗಲಿಲ್ಲ ಎಂಬುದೂ ಬರೆದಿರಬೇಕು. ಬೆಳೆ ನಿಂತ ಆಗಸ್ಟ್‌ನಲ್ಲಿ ನೋಡಿದ ಎರೆಹೊಲಕ್ಕೂ ಕೊಯ್ಲು ಮುಗಿದ ಮೇಲೆ ನೋಡಿದ ಹೊಲಕ್ಕೂ ಅಜಗಜಾಂತರ, ಆ ವ್ಯತ್ಯಾಸ ಹಾಳೆಯಲ್ಲಿ ಕಾಣಬೇಕು. ಮುದಗಲ್ಲು, ಮಸ್ಕಿಗಳ ಸುತ್ತ ಗ್ರಾನೈಟಿಗಾಗಿ ಕಲ್ಲು ಸೀಳುವ ಕೆಲಸ ನಡೆದೇ ಇದೆ. ಸೀಳಿ ಲಾರಿ ಹತ್ತಿದ ಬಂಡೆಯ ಮೇಲೆ ಏನಿತ್ತೆಂದು ಆಮೇಲೆ ಯಾವ ವಿಧಾನದಿಂದಲೂ ತಿಳಿಯದು. ಹೊಸ ಗುತ್ತಿಗೆಗೆ ಸಹಿ ಹಾಕುವ ಮೊದಲು ಆ ಗುಡ್ಡದ ಹಾಳೆಯನ್ನು ಕಡತಕ್ಕೆ ಸೇರಿಸುವಂತೆ ಜಿಲ್ಲಾಡಳಿತ ಆದೇಶಿಸಲಿ, ಆ ಹಾಳೆಯಲ್ಲಿ ‘ಏನೂ ಸಿಗಲಿಲ್ಲ’ ಎಂದಷ್ಟೇ ಇದ್ದರೂ ಸರಿ.